ಕತ್ತರಿ ಕಾಣದ ಬಟ್ಟೆ

ಸಂಜೆ ನಾಲ್ಕು ಹತ್ತಕ್ಕೆ ನನ್ನ ಗೆಳತಿಯ ಬಾಯಲ್ಲಿ ಟಾಚಣಿಗಳಿರಲಿಲ್ಲ. ಹೊಲಿಯಲು ಕೂತಾಗ ತುಟಿಗಳ ನಡುವೆ ಆ ಗುಂಡುಸೂಜಿಗಳ ಸಾಲು ಇಲ್ಲದೆ ಅವಳನ್ನು ನಾನು ಕಂಡದ್ದು ಅದೇ ಮೊದಲು. ಟಾಚಣಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಕಚ್ಚಿಕೊಂಡೇ ಬೈಯುತ್ತಿದ್ದಳು. ಕೆಳತುಟಿಯ ಮೇಲೆ ಸಾಸಿವೆಯಂಥ ಸಣ್ಣ ಗುರುತುಗಳು ಉಳಿದುಬಿಟ್ಟಿದ್ದವು. ಕಾಲೇಜಿನ ಬೀಳ್ಕೊಡುಗೆಯ ಆ ದಿನ, ಗೊರೇಬಾಳದಲ್ಲಿ, ಅವಳ ತಾಯಿಯ ತಂಗಿ ಸಣ್ಣವ್ವನ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಖಾಲಿ ಬಾಯಲ್ಲಿ ಸ್ಪಷ್ಟವಾಗಿ ಅಂದಳು: "ಇದು ಬಿಚ್ಚೂದಲ್ಲ ನೋಡಲೇ. ಪಕ್ಕಾ ಐತಿ."

ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಲಿಂಗಸುಗೂರಿನಿಂದ ಅವಳ ಅಪ್ಪ. ಸಾಮಾನಿನ ಗಾಡಿ ಕೆಟ್ಟು ನಿಂತಿದೆ, ನಮ್ಮನ್ನು ಸಿಂಧನೂರಿಗೆ ಕರೆದೊಯ್ಯಲು ಬರುವುದಿಲ್ಲ.

ಅಲ್ಲಿಂದ ಮುಂದಿನದನ್ನು ಎಷ್ಟು ಸಲ ತಲೆಯಲ್ಲಿ ಮತ್ತೆ ನಡೆಸಿ ನೋಡಿದ್ದೇನೋ. ಕೆಲವು ಸಲ ಗಾಡಿ ಕೆಡುವುದಿಲ್ಲ. ಕೆಲವು ಸಲ ನಾವು ಬಸ್ಸು ಹತ್ತುತ್ತೇವೆ. ಉಳಿದ ಎಲ್ಲ ಸಲವೂ ಬೈಕಿನ ಹಿಂದಿನ ಗಾಲಿ ತಿರುಗುತ್ತಲೇ ಇರುತ್ತದೆ.

ಸಿಂಧನೂರಿನಲ್ಲಿ ಪದವಿ ಓದುವಾಗ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ನಾನು ಪಾಮನಕಲ್ಲೂರಿನವಳು, ಅವಳು ಮಸ್ಕಿಯವಳು. ಅವಳಪ್ಪನದು ಶಾಮಿಯಾನದ ಅಂಗಡಿ. ಕಬ್ಬಿಣದ ಕಂಬಗಳು, ಕುರ್ಚಿಗಳು, ದೊಡ್ಡ ಬೋಗುಣಿಗಳು, ಹಿಂದಿನ ಕೋಣೆಯಲ್ಲಿ ಛತ್ತಿನವರೆಗೆ ಪೇರಿಸಿಟ್ಟ ಸ್ಯಾಟಿನ್ ಪರದೆಗಳು. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಪೆಂಡಾಲದಾಕಿ ಅನ್ನುತ್ತಿದ್ದರು. ಅವಳೇನೂ ಬೇಸರಪಡುತ್ತಿರಲಿಲ್ಲ. "ಹೌದು, ಪೆಂಡಾಲದಾಕೀನ. ನಾ ಬರದ ನಿಮ್ಮ ಮದಿವಿ ಹೆಂಗ ಆಕ್ಕಾವ ನೋಡ್ತೀನಿ," ಅನ್ನುತ್ತಿದ್ದಳು.

ಮೊದಲ ವರ್ಷ, ಹೊಸಬರನ್ನು ಸ್ವಾಗತಿಸುವ ದಿನ, ಉಳಿದ ಹುಡುಗಿಯರು ಬಾಡಿಗೆಯ ಗೌನು ಹುಡುಕಿ ಊರೆಲ್ಲ ಅಲೆಯುತ್ತಿದ್ದಾಗ ಅವಳು ಊರಿಂದ ಒಂದು ಗಂಟು ತಂದಳು. ಕುಂಕುಮ ಬಣ್ಣದ ಪರದೆ. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೌನಿನ ಚಿತ್ರ ಬರೆದಳು, ಎದುರು ನಿಂತು ನೋಡಿದಳು, ಕಾಲಿಂದ ಅಳಿಸಿ ಮತ್ತೆ ಬರೆದಳು. ಆಮೇಲೆ ಬಾಗಿಲು ಹಾಕಿಕೊಂಡು ತನ್ನ ಹಳೆಯ ಕರಿ ಕುಪ್ಪಸಕ್ಕೆ ಆ ಇಡೀ ಪರದೆಯನ್ನು ನೆರಿಗೆ ನೆರಿಗೆಯಾಗಿ ಸೇರಿಸಿದಳು. ಎಲ್ಲಿಯೂ ಕತ್ತರಿಸಲಿಲ್ಲ, ಯಂತ್ರ ಮುಟ್ಟಲಿಲ್ಲ. ಬರೀ ಕಚ್ಚಾ ಹೊಲಿಗೆ: ಪಕ್ಕಾ ಹೊಲಿಯುವ ಮೊದಲು ದರ್ಜಿಗಳು ಕೈಯಿಂದ ಹಾಕುತ್ತಾರಲ್ಲ, ಆ ಉದ್ದುದ್ದನೆಯ ಹೊಲಿಗೆ. ತುದಿ ಹಿಡಿದು ಎಳೆದರೆ ಸಾಕು, ಎಲ್ಲ ಬಿಚ್ಚಿಕೊಳ್ಳುತ್ತದೆ. ಬಟ್ಟೆ ಮರುದಿನ ಯಾವುದೋ ಮದುವೆಗೆ ಹೋಗಬೇಕಿತ್ತು. ಅವಳಪ್ಪನ ಷರತ್ತು ಒಂದೇ: "ಉಡು, ಕುಣಿ, ಏನರ ಮಾಡು. ಬಟ್ಟಿಗೆ ಕತ್ತರಿ ತೋರಸಬ್ಯಾಡ."

ಆ ಸಂಜೆ ಅವಳು ವೇದಿಕೆಯ ಮೆಟ್ಟಿಲು ಇಳಿದು ಬಂದಾಗ ಹಿಂದಿನ ಸಾಲಿನವರು ಕುರ್ಚಿ ಬಿಟ್ಟು ಎದ್ದು ನಿಂತು ನೋಡಿದರು. ಆ ವಾರವೇ ನಾನು ಲಿಂಗಸುಗೂರಿಗೆ ಸಂಬಂಧಿಕರ ಮದುವೆಗೆ ಹೋದರೆ, ಅದೇ ಕುಂಕುಮದ ಬಟ್ಟೆ ಮದುಮಕ್ಕಳ ಕುರ್ಚಿಯ ಹಿಂದೆ ಇಳಿಬಿದ್ದಿತ್ತು. ಚಿತ್ರ ತೆಗೆದು ಕಳಿಸಿದೆ. ಫೋನಿನಲ್ಲಿ ಅವಳ ದನಿ ಬಂತು: "ನನ್ನ ಸೊಂಟದ ಮುಂದ ಮದುಮಗ ಕುಂತಾನಲ್ಲಲೇ! ನಾಚಿಕಿ ಬರಾಕತ್ತೈತಿ."

ಹೀಗೆ ಮೂರು ವರ್ಷ. ಹಸಿರು, ಬಂಗಾರದ ಬಣ್ಣ, ನವಿಲುಗರಿಯ ಬಣ್ಣ. ಒಂದನ್ನೂ ಅವಳು ಇಟ್ಟುಕೊಳ್ಳಲಿಲ್ಲ. ಸಮಾರಂಭ ಮುಗಿಸಿ ಬಂದು ಮಂಚದ ಮೇಲೆ ನಿಂತು, "ಎಳಿಯಲೇ," ಅನ್ನುವಳು. ನಾನು ಸೊಂಟದ ಹತ್ತಿರದ ದಾರ ಎಳೆಯುತ್ತಿದ್ದೆ. ಗೌನು ಉಸಿರುಬಿಟ್ಟಂತೆ ಕೆಳಗಿಳಿದು ಮತ್ತೆ ಪರದೆಯಾಗುತ್ತಿತ್ತು. ಆಗ ಅವಳ ಮುಖದಲ್ಲಿ ಏನೋ ಆರಿಹೋಗುತ್ತಿತ್ತು. "ಒಂದ ಒಂದು ಸಲ ನಂದ ಆಗಿ ಉಳಿಯೂದು ಹೊಲೀಬೇಕು," ಅಂದಿದ್ದಳು ಒಮ್ಮೆ, ಬಟ್ಟೆ ಮಡಚುತ್ತಾ.

ಕೊನೆಯ ವರ್ಷದ ಬೀಳ್ಕೊಡುಗೆಗೆ ಅದನ್ನು ಹೊಲಿದಳು. ತನ್ನದೇ ಬಟ್ಟೆ ತಂದಳು, ಬಿಳಿ ಸ್ಯಾಟಿನ್. ಹಾಸ್ಟೆಲಿನ ಹುಡುಗಿಯರು ಮೂಗು ಮುರಿದರು. "ಬಿಳೇದು ಯಾಕಬೇ? ಸತ್ತ ಮನಿ ಪೆಂಡಾಲ ಕಂಡಂಗ ಕಾಣ್ತದ," ಅಂದಳು ಒಬ್ಬಳು. ನನ್ನ ಗೆಳತಿಯದು ಬೌದ್ಧರ ಮನೆತನ. "ನಮ್ಮನ್ಯಾಗ ಮದಿವಿಗೂ ಬಿಳೇದ. ಬಟ್ಟಿಗೇನು ಗೊತ್ತೈತಿ, ಯಾರ ಮನಿಗೆ ಬಂದೀನಿ ಅಂತ?" ಅಂದು ನಕ್ಕಳು. ನಾನೂ ನಕ್ಕೆ. ಆದರೆ ಸತ್ತ ಮನೆ ಅನ್ನುವ ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಆ ಬಿಳಿ ಬಟ್ಟೆಗೆ ಅವಳು ಕತ್ತರಿ ಹಾಕಿದಳು. ಸಣ್ಣವ್ವನ ಯಂತ್ರದಲ್ಲಿ ಸೊಂಟಕ್ಕೆ ಹೊಲಿಗೆಯ ಮೇಲೆ ಹೊಲಿಗೆ ಹೊಡೆದಳು. ಎರಡೂ ಕೈಯಿಂದ ಜಗ್ಗಿ ತೋರಿಸಿ, "ಎತ್ತು ಕಟ್ಟಿ ಎಳದರೂ ಬರಂಗಿಲ್ಲ," ಅಂದಳು. ನನಗಾಗಿ ಅಂಗಡಿಯ ನೀಲಿ ಪರದೆ ತಂದು ಅದೇ ಕರಿ ಕುಪ್ಪಸಕ್ಕೆ ಎಂದಿನಂತೆ ಕಚ್ಚಾ ಹಾಕಿದ್ದಳು. ಅದು ಮರುದಿನ ಮಸ್ಕಿಯ ಒಂದು ಮದುವೆಗೆ ಹೋಗಬೇಕಿತ್ತು.

ಅಪ್ಪನ ಫೋನು ಇಟ್ಟ ಮೇಲೆ ಇಬ್ಬರೂ ಅವಸರದಲ್ಲಿ ತಯಾರಾದೆವು. ಆರಕ್ಕೆ ಸಮಾರಂಭ, ನಿರೂಪಣೆ ನನ್ನದು. ನೀಲಿ ಗೌನು ತೊಟ್ಟವಳು ಒಂದು ಕೈ ಸೊಂಟದಿಂದ ತೆಗೆಯದೆ ನಿಂತಿದ್ದೆ. ಅವಳು ಬಿಳಿಯದನ್ನು ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಕನ್ನಡಿಯಲ್ಲಿ ನನ್ನ ಕೈ ಕಂಡಿತು.

"ಯಾಕ, ಅಂಜಾಕತ್ತೀಯೇನು?"

"ಇಲ್ಲ."

"ಸುಳ್ಳು. ಮೈಕ್ ಹಿಡೀತೀಯೋ, ಸೊಂಟಾ ಹಿಡೀತೀಯೋ? ತಗಿ ಅದನ್ನ. ನಾ ಕುರ್ಚಿ ಮ್ಯಾಲ ಕುಂದರಾಕಿ, ನನಗ ಕಚ್ಚಾ ಸಾಕು."

ಬೇಡವೆಂದೆ. ಅಷ್ಟರಲ್ಲಿ ಅವಳು ಬಿಳಿಯದನ್ನು ಕಳಚಿ ನನ್ನ ತಲೆಯ ಮೇಲೆ ಹಾಕಿಯಾಗಿತ್ತು. ನನ್ನ ನೀಲಿಯದನ್ನು ತಾನು ತೊಟ್ಟಳು. ಮೂರು ವರ್ಷ ಕಾದು ಹೊಲಿದುಕೊಂಡದ್ದನ್ನು ಅವಳು ತೊಟ್ಟದ್ದು ಕನ್ನಡಿಯ ಮುಂದಿನ ಒಂದು ಸುತ್ತಿನ ಹೊತ್ತು.

ಆಟೋಗಳೆಲ್ಲ ತುಂಬಿ ಹೋಗುತ್ತಿದ್ದವು. ಸಣ್ಣವ್ವನ ಗಂಡನ ಬೈಕು ತೆಗೆದೆವು. ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ಯುತ್ತ ನಾನು ಬೈಕು ಕಲಿತಿದ್ದೆ. ಸೀರೆ ಗಾಲಿಗೆ ಸಿಗದಂತೆ ಪಕ್ಕಕ್ಕೆ ಹಾಕುವ ಜಾಲರಿ ಅದಕ್ಕಿರಲಿಲ್ಲ. ಭತ್ತಕ್ಕೆ ಔಷಧಿ ಹೊಡೆಯುವ ಪಂಪು ಕಟ್ಟಲು ಅಡ್ಡ ಬರುತ್ತದೆಂದು ಬಿಚ್ಚಿಟ್ಟಿದ್ದರು. ಕಾಲುವೆ ಸೀಮೆಯಲ್ಲಿ ಬಹಳ ಬೈಕುಗಳು ಹಾಗೆಯೇ ಓಡುತ್ತವೆ. ನಾನು ಗೌನನ್ನು ಮೊಣಕಾಲಿನ ಮೇಲೆತ್ತಿ ಗಂಟು ಹಾಕಿಕೊಂಡೆ. ಅವಳು ಒಂದೇ ಕಡೆ ಕಾಲು ಇಳಿಬಿಟ್ಟು ಹಿಂದೆ ಕೂತು, ನೀಲಿ ಗೌನಿನ ಕೆಳಗಿನ ಘೇರನ್ನೆಲ್ಲ ಬಾಚಿ ಮಡಿಲಲ್ಲಿಟ್ಟುಕೊಂಡಳು.

"ಬಟ್ಟಿ ಜ್ವಾಕಿ ನೋಡ್ರೆವ್ವಾ!" ಸಣ್ಣವ್ವ ಬಾಗಿಲಲ್ಲಿ ನಿಂತು ಕೂಗಿದಳು.

ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಗದ್ದೆ. ಹಿಂದೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಅವಳು ನನ್ನ ನಿರೂಪಣೆಯ ಮಾತುಗಳನ್ನು ಅಣಕಿಸುತ್ತಿದ್ದಳು. "ಮಾನ್ಯ ಪ್ರಾಂಶುಪಾಲರೇ, ಪೂಜ್ಯ ಉಪನ್ಯಾಸಕರೇ, ಹಸದು ಕುಂತ ನನ್ನ ಗೆಳತಿಯರೇ..." ಎಂದು ಒಂದು ಕೈ ಎತ್ತಿದಳೆಂದು ಕಾಣುತ್ತದೆ. ಮಡಿಲ ಬಟ್ಟೆಗೆ ಗಾಳಿ ಹೊಕ್ಕಿತು.

ಮೊದಲು ಬಂದದ್ದು ಸದ್ದು. ಅಂಗಡಿಯವನು ಥಾನಿನ ಸುರುಳಿಯಿಂದ ಬಟ್ಟೆ ಎಳೆಯುವಾಗ ಬರುವಂಥ ಸರ್ರನೆಯ ಸದ್ದು. ನನ್ನ ಭುಜ ಹಿಡಿದಿದ್ದ ಕೈ ನನ್ನನ್ನು ಹಿಂದಕ್ಕೆ ಜಗ್ಗಿತು. ಆಮೇಲೆ ಆ ಕೈ ಇರಲಿಲ್ಲ. ಗಾಲಿ ಬಿಗಿಯಿತು, ಬೈಕು ಕಾಲುವೆಯ ಕಡೆ ಹೊರಳಿತು, ನಾನು ದಂಡೆಯ ಹುಲ್ಲಿನ ಮೇಲೆ ಬಿದ್ದೆ.

ಎದ್ದು ನೋಡಿದರೆ ನೀಲಿ ಪರದೆ ಗಾಲಿಗೆ ಹಗ್ಗದಂತೆ ಹೊಸೆದುಕೊಂಡಿತ್ತು, ಸೊಂಟದ ನೆರಿಗೆಯವರೆಗೂ, ಪೂರ್ತಿ. ಅವಳು ಅದರಲ್ಲಿರಲಿಲ್ಲ. ಹಿಂದೆ, ರಸ್ತೆಯ ಮೇಲೆ, ಕರಿ ಕುಪ್ಪಸ ಮತ್ತು ಒಳಗಿನ ಲೆಗ್ಗಿಂಗ್ಸಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಅವಳಿಗೂ ಗಾಲಿಗೂ ನಡುವೆ ಡಾಂಬರಿನ ಮೇಲೆ ಕಚ್ಚಾ ಹೊಲಿಗೆಯ ಬಿಳಿ ದಾರ ಉದ್ದಕ್ಕೆ ಎಳೆದುಕೊಂಡಿತ್ತು. ಟ್ರ್ಯಾಕ್ಟರ್ ಅವಳ ತಲೆಯ ಹತ್ತಿರ ನಿಂತು ನಡುಗುತ್ತಿತ್ತು.

ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಅವಳನ್ನು ತೊಡೆಯ ಮೇಲೆ ಎತ್ತಿಕೊಂಡಳು. ಟ್ರ್ಯಾಕ್ಟರಿನವನು ಬೈಕು ಸರಿಸಲು ಅದೇ ಹೆಂಗಸಿನ ಕುಡುಗೋಲು ತೆಗೆದುಕೊಂಡು ಗಾಲಿಯ ಬಟ್ಟೆಗೆ ಹಾಕಿದ. ತೊಡೆಯ ಮೇಲಿದ್ದವಳು ಆಗ ಕಣ್ಣು ಬಿಟ್ಟಳು.

"ಕೊಯ್ಯಬ್ಯಾಡ್ರೀ ಅಣ್ಣಾ... ನಾ ಬಿಚ್ಚಿಕೊಡ್ತೀನಿ. ನಾಳಿ ಮದಿವಿಗೆ ಬೇಕದು."

"ಸುಮ್ಮಕಿರು ತಾಯಿ," ಅಂದಳು ಆ ಹೆಂಗಸು, "ನೀ ಉಳದೀಯಲ್ಲ, ಅದ ಮದಿವಿ."

ಬಲಗೈ ಮಣಿಕಟ್ಟು ಮುರಿದಿತ್ತು, ಭುಜ, ಮೊಣಕಾಲು ತರಚಿ ಹೋಗಿದ್ದವು. ಸಿಂಧನೂರಿನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿ ಮಲಗಿಸಿದರು. ಸಣ್ಣವ್ವ ತಂದ ಬಟ್ಟೆಗೆ ಬದಲಾಯಿಸಿಕೊಂಡು ನಾನು ಬಿಳಿ ಗೌನನ್ನು ಬೆಂಚಿನ ಮೇಲಿಟ್ಟಿದ್ದೆ. ಅವಳಪ್ಪ ಲಿಂಗಸುಗೂರಿನಿಂದ ಬಂದಾಗ ಅವಳ ಮೊದಲ ಮಾತು, "ಅಪ್ಪಾ, ನಾ ಕತ್ತರಿ ತೋರಿಸಿಲ್ಲ."

"ಬಟ್ಟಿ ಹೋದ್ರ ಬಟ್ಟಿ ಬರ್ತದವ್ವಾ," ಅಂದ ಆತ. ಆಮೇಲೆ ಬೆಂಚಿನ ಕಡೆ ನೋಡಿ, "ಈ ಬಿಳೇದು ಯಾರದು ತಂಗಿ?" ಎಂದು ಕೇಳಿದ.

"ಇಕೀದ ಕಾಕಾ. ಹೊರಡೂ ಮುಂದ ನನಗ ಹಾಕಿ, ನಂದು ತಾ ಹಾಕ್ಕೊಂಡ್ಲು."

ಆತ ಗೌನು ಎತ್ತಿಕೊಂಡು, ವ್ಯಾಪಾರದವರು ಬಟ್ಟೆ ಪರೀಕ್ಷಿಸುವ ಹಾಗೆ, ಸೊಂಟದ ಹೊಲಿಗೆಯನ್ನು ಎರಡೂ ಕೈಯಿಂದ ಜಗ್ಗಿದ. ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದ. ಗೌನನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಪಾಮನಕಲ್ಲೂರಿಗೆ ಮರಳಿದ ಮೇಲೆ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅದೇ ರಸ್ತೆ, ಅದೇ ಸರ್ರನೆಯ ಸದ್ದು. ಆದರೆ ಕನಸಿನಲ್ಲಿ ಅವಳು ತೊಟ್ಟಿರುವುದು ಬಿಳಿಯದು. ಅದು ಬಿಚ್ಚುವುದಿಲ್ಲ, ಗಾಲಿ ಅವಳನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ಅವ್ವ ತಾಯತ ಕಟ್ಟಿಸಿದಳು, ದೀಪ ಹಚ್ಚಿಟ್ಟೇ ಮಲಗಿಸಿದಳು. ಬೀದಿಯಲ್ಲಿ ಬೈಕಿನ ಹಿಂದೆ ಸೆರಗು ಹಾರಿಸಿಕೊಂಡು ಯಾರಾದರೂ ಹೋದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗೌನನ್ನು ಒಗೆದು ಚೀಲದಲ್ಲಿ ಕಟ್ಟಿಟ್ಟಿದ್ದೆ. ಆ ಚೀಲ ಇದ್ದ ಮೂಲೆಗೆ ಬೆನ್ನು ಮಾಡಿ ಮಲಗಲು ನನ್ನಿಂದ ಆಗುತ್ತಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಅವಳೇ ಫೋನು ಮಾಡಿದಳು. "ನನ್ನ ಗೌನು ತಗೊಂಡು ಬಾರಲೇ ಕಳ್ಳಿ. ಇಟಗೊಂಡಬಿಡಬೇಕಂತ ಮಾಡೀಯೇನು?"

ಮಸ್ಕಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಪರದೆಗಳ ರಾಶಿಯ ಮೇಲೆ ಕೂತಿದ್ದಳು. ಬಲಗೈಯ ಎರಡು ಬೆರಳು ಪೂರಾ ಮಡಚುತ್ತಿರಲಿಲ್ಲ, ಈಗಲೂ ಮಡಚುವುದಿಲ್ಲ.

"ನಿದ್ದಿ ಬರ್ತದೇನು?" ಕೇಳಿದಳು.

"ಇಲ್ಲ."

"ಮಾರಿ ನೋಡಿದ್ರ ಗೊತ್ತಾಕ್ಕೈತಿ. ಬ್ಲೇಡು ತಗೊ. ಸೊಂಟದ ಹೊಲಿಗಿ ಬಿಚ್ಚು."

ಗಟ್ಟಿ ಹೊಲಿಗೆ. ಒಂದೊಂದೇ ಎಳೆ ಕೊಯ್ದು ಬಿಚ್ಚುವಷ್ಟರಲ್ಲಿ ಬಿಸಿಲು ಇಳಿದಿತ್ತು. ಆಮೇಲೆ ಸೂಜಿ ನನ್ನ ಕೈಗೇ ಕೊಟ್ಟಳು. ನಾನು ಕಚ್ಚಾ ಹಾಕಿದೆ. "ಇನ್ನಾ ಉದ್ದ. ಇನ್ನಾ ಸಡ್ಲ. ಭೂತ ಕಟ್ಟಿಹಾಕಾಕತ್ತೀಯೇನು?" ಎಂದು ಪಕ್ಕದಲ್ಲಿ ಕೂತು ಬೈದಳು. ಮುಗಿದ ಮೇಲೆ ಗೌನು ತೊಟ್ಟು, ಆ ಪರದೆಗಳ ನಡುವಿನ ಒಂದಿಷ್ಟು ಜಾಗದಲ್ಲಿ, ಕನ್ನಡಿ ಇಲ್ಲದೆಯೇ, ಸಾಕೆನ್ನುವಷ್ಟು ಸಲ ಸುತ್ತು ತಿರುಗಿದಳು. ಕೊನೆಗೆ ನನ್ನೆದುರು ಬಂದು ನಿಂತಳು.

"ಎಳಿಯಲೇ."

ನನ್ನ ಕೈ ಮುಂದೆ ಹೋಗಲಿಲ್ಲ.

"ಎಳಿ ಅಂದೆ."

ದಾರ ಬೆರಳಿಗೆ ಸುತ್ತಿಕೊಂಡು ಎಳೆದೆ. ಬಿಳಿ ಘೇರು ಒಂದೇ ಉಸಿರಿಗೆ ಅವಳ ಕಾಲ ಸುತ್ತ ಕುಸಿಯಿತು. ಅವಳು ಲೆಗ್ಗಿಂಗ್ಸಿನಲ್ಲಿ ನಿಂತು ನಗುತ್ತಿದ್ದಳು. "ನೋಡು, ಬಿಡ್ತು," ಅಂದಳು. ನಾನು ಕೂತಲ್ಲೇ ಅಳತೊಡಗಿದೆ. ಅಂದು ಕನ್ನಡಿಯಲ್ಲಿ ನನ್ನ ಕೈ ನೋಡಿ ತನಗೆ ಅತಿ ಬೇಕಾದದ್ದನ್ನು ಕಳಚಿ ಕೊಟ್ಟವಳು, ಇಂದು ನನ್ನ ಮುಖ ನೋಡಿ ಅದೇ ಗೌನನ್ನು ಮತ್ತೆ ಬಿಚ್ಚಿಸಿದ್ದಳು. ಇದನ್ನು ನಾನು ಯಾವತ್ತೂ ತೀರಿಸಲಾರೆ.

ಆ ರಾತ್ರಿ ಅಲ್ಲೇ, ಪರದೆಗಳ ರಾಶಿಗೆ ತಲೆಕೊಟ್ಟು ಮಲಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕಾಕಾ ಅಂಗಡಿಯ ಶಟರ್ ಎತ್ತುತ್ತಿದ್ದ. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ದಾರ ಇನ್ನೂ ನನ್ನ ಬೆರಳಿಗೆ ಸುತ್ತಿಕೊಂಡೇ ಇತ್ತು. ಅವಳು ಆಗಲೇ ಎದ್ದು, ಮಡಿಲಲ್ಲಿ ಬಿಳಿ ಬಟ್ಟೆ ಹರವಿಕೊಂಡು ಎಡಗೈಯಿಂದ ನೆರಿಗೆ ಹಿಡಿಯುತ್ತಿದ್ದಳು. ನನ್ನ ಕಡೆ ತಿರುಗಿ ಏನೋ ಅಂದಳು. ಬಾಯ್ತುಂಬ ಟಾಚಣಿ, ಒಂದಕ್ಷರವೂ ತಿಳಿಯಲಿಲ್ಲ.