ಸೀಮಂತದ ಮನೆಯಲ್ಲಿ ಸೂರಕ್ಕಿ

ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ನಮ್ಮ ಮನೆಯವರು ಗಕ್ಕನೆ ಬ್ರೇಕ್ ಹಾಕಿದರು. ನನ್ನ ತೊಡೆಯ ಮೇಲಿದ್ದ ಹೂವಿನ ಬುಟ್ಟಿ ಕಾಲ ಬುಡಕ್ಕೆ ಬಿತ್ತು.

ಏನಾಯಿತು? ನಾಯಿ ಅಡ್ಡ ಬಂತೇ? ಇಲ್ಲ. ರಸ್ತೆ ಪಕ್ಕದ ದಾಳಿಂಬೆ ತೋಟದಲ್ಲಿ ‘ಹಮ್ಮಿಂಗ್‌ಬರ್ಡ್’ ಕಂಡಿತಂತೆ.

ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲೇ ಇಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಅದನ್ನು ನೋಡಲು ಸಮುದ್ರ ದಾಟಿ ಅಮೆರಿಕ ಖಂಡಕ್ಕೇ ಹೋಗಬೇಕು. ಹೋಗಲಾಗದವರು ಹೂವಿನ ರಸ ಹೀರುವ ನಮ್ಮ ಪುಟ್ಟ ಸೂರಕ್ಕಿಯನ್ನೇ ಹಾಗೆ ಕರೆದು ಸಮಾಧಾನ ಪಟ್ಟುಕೊಳ್ಳುತ್ತಾರೆ. (ಸೂರಕ್ಕಿಗೆ ಈ ಅವಮಾನ ತಿಳಿಯುವುದಿಲ್ಲ, ಪುಣ್ಯ.) ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ತೆಪ್ಪಗಿದ್ದ ಮನುಷ್ಯ ಮೊಳದುದ್ದದ ಲೆನ್ಸ್ ತಂದುಕೊಂಡ ಮೇಲೆ, ನಾವು ಯಾವ ಊರಿಗೂ ಹೊತ್ತಿಗೆ ಸರಿಯಾಗಿ ತಲುಪಿಲ್ಲ.

ಅವತ್ತು ಹೊರಟಿದ್ದು ಶ್ರೀರಾಂಪುರಕ್ಕೆ, ನನ್ನ ಅಕ್ಕನ ಮಗಳು ಸಹನಾಳ ಸೀಮಂತಕ್ಕೆ. ಅವಳ ಗಂಡ ಗಾಳಿಯಂತ್ರ ರಿಪೇರಿ ಮಾಡುವ ಟೆಕ್ನೀಶಿಯನ್. ಈಗ ಗುಜರಾತಿನಲ್ಲಿದ್ದಾನೆ, ರಜೆ ಸಿಕ್ಕಿರಲಿಲ್ಲ. ಅವನಿಗೆ ಕಳಿಸಲು ಒಳ್ಳೆಯ ಫೋಟೋ ಬೇಕು ಎಂದು ಸಹನಾ ನನಗೆ ಮತ್ತೆ ಮತ್ತೆ ಹೇಳಿದ್ದಳು. ಫೋಟೋಗ್ರಾಫರ್ ಯಾಕೆ, ಚಿಕ್ಕಪ್ಪನ ದೊಡ್ಡ ಕ್ಯಾಮೆರಾ ಇದೆಯಲ್ಲ ಎಂದು ತೀರ್ಮಾನಿಸಿದವಳು ನನ್ನ ಅಕ್ಕ. ಮುಗ್ಧೆ.

ಅಕ್ಕನ ಮನೆಯ ಜಗಲಿಯ ಮುಂದೆ, ಒಂದು ಪಕ್ಕಕ್ಕೆ ದಾಸವಾಳದ ಗಿಡ. ಅದರ ಕೊಂಬೆಗೆ ಸೂರಕ್ಕಿಯ ಗೂಡು ಜೋತುಬಿದ್ದಿತ್ತು. ಒಳಗೆ ಮರಿಗಳು. ನಮ್ಮವರು ಕಾಲಲ್ಲಿದ್ದ ಚಪ್ಪಲಿ ಬಿಡುವುದನ್ನೂ ಮರೆತರು.

ಆಮೇಲೆ ನಡೆದದ್ದು ಸೀಮಂತವೋ ಕರ್ಫ್ಯೂವೋ? ಬಂದ ನೆಂಟರೆಲ್ಲ ಹಿತ್ತಲ ಬಾಗಿಲಿನಿಂದ ಬರಬೇಕು. ಜೋರಾಗಿ ಮಾತಾಡಬಾರದು. ಫೋನ್ ಎತ್ತಬಾರದು, ಫ್ಲ್ಯಾಶಿಗೆ ಹಕ್ಕಿ ಹೆದರುತ್ತದೆ. ಫೋಟೋ ತಾವೇ ತೆಗೆಯುವುದಾಗಿ ಅಭಯ ಬೇರೆ. ಎಲ್ಲರೂ ಫೋನ್ ಒಳಗಿಟ್ಟರು. ಅಂಥ ಲೆನ್ಸಿನ ಮುಂದೆ ಫೋನ್ ಹಿಡಿಯಲು ಯಾರಿಗೆ ಧೈರ್ಯ?

ತಾಯಿ ಹಕ್ಕಿ ಎಷ್ಟು ಸಲ ಹೋಗಿ ಬಂದು ಮರಿಗೆ ಹುಳ ಕೊಡುತ್ತದೆ ನೋಡು ಎಂದು ಅವರು ಕಣ್ಣರಳಿಸಿ ಹೇಳುತ್ತಿದ್ದರು. ಅದೇ ಹೊತ್ತಿಗೆ ಅಕ್ಕ ಅಡುಗೆಮನೆಗೂ ಜಗಲಿಗೂ ಎಷ್ಟನೇ ಸಲ ಓಡುತ್ತಿದ್ದಳೋ. ಅದನ್ನು ನೋಡಿ ಬೆರಗಾದ ಗಂಡಸರನ್ನು ನಾನು ಕಾಣಲಿಲ್ಲ.

ಆ ಲೆನ್ಸಿಗೊಂದು ಗುಣವಿದೆ. ಹತ್ತಿರ ನಿಂತರೆ ಅದರಲ್ಲಿ ಸಹನಾಳ ಮೂಗುತಿ ಮಾತ್ರ ಹಿಡಿಸುತ್ತದೆ. ಎಲ್ಲರೂ ಬರಬೇಕೆಂದರೆ ಹಿಂದೆ ಹಿಂದೆ ಹೋಗಬೇಕು. ಹೋದರು. ಅಂಗಳ ದಾಟಿ, ರಸ್ತೆ ದಾಟಿ, ಎದುರು ಮನೆಯ ಹುಲ್ಲಿನ ಬಣವೆಗೆ ಬೆನ್ನು ಕೊಟ್ಟು ನಿಂತರು. ಸಹನಾ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಜಗಲಿಯಲ್ಲಿ ಕುಳಿತಳು. ಅಕ್ಕ ಮಡಿಲು ತುಂಬಿದಳು. ಮುತ್ತೈದೆಯರು ಆರತಿ ಎತ್ತಿದರು. ರಸ್ತೆಯಾಚೆಯಿಂದ ಟಕಟಕ ಸದ್ದು ಕೇಳುತ್ತಲೇ ಇತ್ತು. ಮುಖಕ್ಕೆ ಬಿಸಿಲು ಬಡಿಯುತ್ತಿದ್ದರೂ ಸಹನಾ ಆ ಕಡೆಗೇ ನೋಡಿ ನಗುತ್ತಿದ್ದಳು. ಎಂಥ ಶ್ರದ್ಧೆಯಿಂದ ತೆಗೆಯುತ್ತಿದ್ದಾರೆ ಅಂತ ನನಗೂ ಹೆಮ್ಮೆಯಾಯಿತು.

ಚಿತ್ರದುರ್ಗದ ನಮ್ಮ ಮನೆಗೆ ಬಂದ ಮೇಲೆ ಸಹನಾ ಫೋಟೋ ಕೇಳಿದಾಗಲೆಲ್ಲ ‘ಎಡಿಟಿಂಗ್ ನಡೀತೈತೆ’ ಎಂಬ ಉತ್ತರ ಹೋಯಿತು. ಇತ್ತ ಪಕ್ಷಿಪ್ರಿಯರ ಗ್ರೂಪಿಗೆ ಒಂದು ಫೋಟೋ ಹೋಯಿತು. ಕೊಕ್ಕಿನಲ್ಲಿ ಹುಳ ಹಿಡಿದ ಸೂರಕ್ಕಿ, ಬಾಯಿ ತೆರೆದ ಮರಿ, ಹಿಂದೆ ಬೆಣ್ಣೆಯಂಥ ನಯವಾದ ಹಸಿರು. ಹೊಗಳಿಕೆಯೋ ಹೊಗಳಿಕೆ. ಬ್ಯಾಕ್‌ಗ್ರೌಂಡ್ ಅದ್ಭುತ ಸರ್, ಹೇಗೆ ಸಾಧಿಸಿದಿರಿ? ಪ್ರಕೃತಿಯ ಕೊಡುಗೆ ಅಂತ ಇವರ ವಿನಯ. ಖುಷಿಯಲ್ಲಿ ಅದನ್ನೇ ಕುಟುಂಬದ ಗ್ರೂಪಿಗೂ ಹಾಕಿದರು.

ಸಹನಾ ಫೋನ್ ಮಾಡಿದಳು. ಇವರು ಸ್ಪೀಕರ್ ಹಾಕಿದ್ದರು. ಅವಳು ಕೂಗಾಡಲಿಲ್ಲ.

“ಚಿಕ್ಕಪ್ಪ, ಆ ಹಸ್ರು ನನ್ ಸೀರೆ. ಇವ್ರು ಗುಜರಾತಿಂದ ದಿನಾ ಫೋಟೋ ಎಲ್ಲಿ ಅಂತಾರೆ. ಹಕ್ಕಿ ಹಿಂದೆ ಇದೀನಿ, ಹುಡುಕ್ಕಳ್ರಿ ಅಂತ ಹೇಳ್ಲಾ?”

ಇವರು ಕ್ಯಾಮೆರಾ ತಂದು ನನ್ನ ಮುಂದಿಟ್ಟರು. ಕಾರ್ಡಿನಲ್ಲಿದ್ದ ಚಿತ್ರಗಳನ್ನೆಲ್ಲ ನಾನೇ ಕೂತು ನೋಡಿದೆ. ಮೊದಲ ಒಂದೆರಡರಲ್ಲಿ ಪಕ್ಕದ ಮನೆಯವರ ಬೆನ್ನಿತ್ತು. ಅಷ್ಟರಲ್ಲಿ ಹಕ್ಕಿ ಬಂದಿದೆ. ಆಮೇಲೆ ಬರೀ ಹಕ್ಕಿ. ಆ ಹುಡುಗಿ ಅಷ್ಟು ಹೊತ್ತು ನಕ್ಕಿದ್ದು ಯಾರಿಗೆ?

ಒಂದು ಜೀವ ಮರಿ ಸಾಕುವುದನ್ನು ನೋಡಲು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಅದರಾಚೆ ಮೊದಲ ಮಗುವನ್ನು ಹೊತ್ತವಳು ಕುಳಿತಿದ್ದರೆ, ಅವಳು ಬ್ಯಾಕ್‌ಗ್ರೌಂಡ್. ಇದಕ್ಕೆ ಪ್ರಕೃತಿ ಪ್ರೇಮ ಎಂಬ ಹೆಸರು ಬೇರೆ.

ಮುಂದಿನ ಭಾನುವಾರ ಇವರೇ ಕಾರು ತೆಗೆದರು. ಹೊಸದುರ್ಗದಲ್ಲಿ ಮಲ್ಲಿಗೆ ಹೂವು ಕೊಳ್ಳಲು ಬಿಟ್ಟರೆ ಎಲ್ಲೂ ನಿಲ್ಲಿಸಲಿಲ್ಲ. ಸಹನಾ ಅದೇ ಸೀರೆ ಉಟ್ಟಳು. ಅಕ್ಕ ಒಬ್ಬಳೇ ಮತ್ತೆ ಆರತಿ ಎತ್ತಿದಳು. ಇವರು ನನ್ನ ಫೋನ್ ಹಿಡಿದು, ಎದುರಿಗೇ ಮಂಡಿಯೂರಿ ಕುಳಿತು ಫೋಟೋ ತೆಗೆದರು. ಚೆನ್ನಾಗಿ ಬಂದಿದೆ. ಸಹನಾಳ ಕಣ್ಣು ಕೊಂಚ ಊದಿಕೊಂಡಿದೆ, ಆದರೂ ನಕ್ಕಿದ್ದಾಳೆ.

ಫೋಟೋ ಗುಜರಾತಿಗೆ ಹೋಯಿತು. ನೋಡಿದವನಿಗೆ ಸಂತೋಷವಾಯಿತಂತೆ. ಆಮೇಲೆ ಅವನು ಕೇಳಿದ್ದನ್ನು ಸಹನಾ ನನಗೆ ಹೇಳಿದಳು.

“ಅತ್ತೆ ಒಬ್ರೇ ಅದಾರಲ್ಲ. ಸೀಮಂತಕ್ಕೆ ಬ್ಯಾರೆ ಯಾರೂ ಬರ್ಲಿಲ್ವಾ?”

ಹೊಟ್ಟೆ ತುಂಬ ಹೋಳಿಗೆ ಉಂಡು ಬಂದ ನಾವೆಲ್ಲ ಈಗ ಏನು ಹೇಳಬೇಕು?