ಅಮ್ಮನ ಕೈಗೆ ನಾನು ಹಚ್ಚಿದ ಅತ್ತರು

ರೂಪಕ ಎಂದರೆ ನನಗೀಗ ವಾಕರಿಕೆ. ಹೇಳುತ್ತಿರುವವಳು ಮಣಿಪಾಲದ ಕಾಲೇಜಿನಲ್ಲಿ ಹದಿನೈದು ವರ್ಷ ಅದನ್ನೇ ಕಲಿಸಿದವಳು. ಮುಖ ಚಂದ್ರನಂತೆ ಎಂದರೆ ಉಪಮೆ, ಮುಖವೇ ಚಂದ್ರ ಎಂದರೆ ರೂಪಕ, ಅಲ್ಲಿ ಎರಡರ ನಡುವಿನ ಅಂತರ ಅಳಿಸಿಹೋಗುತ್ತದೆ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಜೊತೆಗೆ ಇನ್ನೇನೇನು ಅಳಿಸಿಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅಮ್ಮ ಎರ್ಮಾಳಿನವಳು. ಕಾಪು ಮಾರ್ಕೆಟಿನಲ್ಲಿ ಇವತ್ತಿಗೂ ಮೀನು ಮಾರುತ್ತಾಳೆ. ನನ್ನ ಮೊದಲ ಪುಸ್ತಕದಲ್ಲಿ ಅವಳ ಬಗ್ಗೆ ಒಂದು ಸಾಲು ಬರೆದೆ: 'ಅಮ್ಮನ ಕೈಯ ಮೀನಿನ ವಾಸನೆ, ಕಡಲು ಅವಳಿಗೆ ಕೊಟ್ಟ ಅತ್ತರು.' ಉಡುಪಿಯ ಸಭೆಯಲ್ಲಿ ಅದನ್ನು ಓದಿದಾಗ ಮುಂದಿನ ಸಾಲಿನವರೊಬ್ಬರು ಕಣ್ಣೊರೆಸಿಕೊಂಡರು. ನಾನು ಉಬ್ಬಿಹೋದೆ. ಥೂ, ನೆನೆದರೆ ಮೈಯೆಲ್ಲ ಮುಳ್ಳಾಗುತ್ತದೆ.

ಎರಡನೆಯ ಮುದ್ರಣಕ್ಕೆ ಆ ಸಾಲನ್ನು ಹಿಂಬದಿಯ ರಕ್ಷಾಪುಟಕ್ಕೆ ಹಾಕೋಣ, ಅಮ್ಮನ ಕೈಗಳ ಫೋಟೋ ಕೊಡಿ ಎಂದರು ಪ್ರಕಾಶಕರು. ಫೋಟೋ ತೆಗೆಯಲು ಊರಿಗೆ ಹೋದೆ. ಅಮ್ಮ ಆಗಷ್ಟೇ ಮಾರ್ಕೆಟಿನಿಂದ ಬಂದು, ಹಿತ್ತಲಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು, ಅದರ ಹುಳಿ ಬಿಂಬುಳಿ ಕಾಯಿ ಜಜ್ಜಿ ಕೈಗೆ ತಿಕ್ಕುತ್ತಿದ್ದಳು. ಮೀನಿನ ಮುಳ್ಳು ತಾಗಿದ ಗಾಯಗಳಿಗೆ ಆ ಹುಳಿ ಉರಿಯುತ್ತದೆ. ಆದರೂ ಉಗುರಿನ ಸಂದಿಯನ್ನೂ ಬಿಡದೆ ತಿಕ್ಕುತ್ತಿದ್ದಳು. ಅವಳಿಗೆ ಓದಲು ಬಾರದು. ಒಪ್ಪಿಗೆ ಬೇಕಲ್ಲ, ಸಾಲನ್ನು ನಾನೇ ಓದಿ ತುಳುವಿನಲ್ಲಿ ಅರ್ಥವನ್ನೂ ಹೇಳಿದೆ.

ಅಮ್ಮ ತಿಕ್ಕುವುದನ್ನು ನಿಲ್ಲಿಸಿದಳು.

"ಅತ್ತರು ಅಂತ ಬರ್ದದ್ದಾ? ಮತ್ತೆ ಶಾಲೆಗೆ ಬರ್ಬೇಡ ಅಂತ ನನಗೆ ಹೇಳಿದ್ದು ಎಂತಕ್ಕೆ ಮಗಾ?"

ಅವಳಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಏಳನೇ ಕ್ಲಾಸಿನಲ್ಲಿ, ಗೆಳತಿಯರ ಎದುರು, ಶಾಲೆಯ ಗೇಟಿನಲ್ಲಿ ನಿಂತಿದ್ದ ಅವಳಿಗೆ 'ನೀನು ನಾರ್ತಿ, ಇನ್ನು ಬರ್ಬೇಡ' ಎಂದಿದ್ದೆ. ಆಮೇಲೆ ಅವಳು ಬರಲಿಲ್ಲ. ಈ ಬಿಂಬುಳಿ ಗಿಡ ನೆಟ್ಟದ್ದು ಆ ವರ್ಷವೇ ಎಂದು ಅಮ್ಮ ಈಗ ಹೇಳಿದಳು. ಅದು ಮರವಾಗಿ, ನಾನು ಅದರ ಉಪ್ಪಿನಕಾಯಿ ತಿಂದು ದೊಡ್ಡವಳಾಗಿದ್ದೆ.

ಅವಳು ಸೀರೆಯ ಸೆರಗಿಗೆ ಕೈ ಒರೆಸಿ ನನ್ನ ಮುಖದ ಹತ್ತಿರ ಹಿಡಿದಳು. "ಈಗ ನೋಡು. ವಾಸನೆ ಉಂಟಾ?"

ಮೂಸಿದೆ. ಮೀನಿನ ವಾಸನೆಯೇ ಇರಲಿಲ್ಲ, ಬರೀ ಹುಳಿ. ಇಷ್ಟೂ ವರ್ಷ ಹೀಗೇ ಇದ್ದಿರಬೇಕು. ಗೇಟಿನ ಆ ದಿನದಿಂದ ಆ ಸಾಲು ಬರೆಯುವವರೆಗೆ ನಾನು ಒಮ್ಮೆಯೂ ಆ ಕೈಯ ಹತ್ತಿರ ಹೋಗಿರಲಿಲ್ಲ.