ಹೆಂಡತಿಗೆಂದು ತೆಗೆದಿಟ್ಟ ಸೇಬು

ಮೊನ್ನೆ ಕೆಳಗಿನ ಮನೆಯಲ್ಲಿ ಯಾರೋ ಸೇಬು ಬೇಯಿಸುತ್ತಿದ್ದರು. ಬೆಲ್ಲ ಕರಗಿ ತುಸು ಸೀದ ವಾಸನೆ, ಅದರ ಬೆನ್ನಿಗೇ ಲವಂಗ... ಬಟ್ಟೆ ಮಡಚುವುದನ್ನು ಬಿಟ್ಟು ಕಿಟಕಿಯ ಬಳಿ ನಿಂತುಬಿಟ್ಟೆ. ಕಾವೂರಿನ ಬಾಯಮ್ಮ ನೆನಪಾದರು.

ಐವತ್ತರ ದಶಕದ ಕೊನೆ ಇರಬೇಕು. ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ್ದ ನಾನು ಕಾವೂರಿನಲ್ಲಿ ಒಂದು ಹಂಚಿನ ಮನೆಯ ಅರ್ಧವನ್ನು ಬಾಡಿಗೆಗೆ ಹಿಡಿದಿದ್ದೆ. ಇನ್ನರ್ಧದಲ್ಲಿ ಬಾಯಮ್ಮ ಮತ್ತು ಅವರ ಗಂಡ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು; ಮಕ್ಕಳಿರಲಿಲ್ಲ. ಗಂಡ ಘಟ್ಟದ ಮೇಲೆ ಕಾಫಿ ತೋಟದ ಬಂಗಲೆಯಲ್ಲಿ ಅಡುಗೆಯವರು. ಮಳೆ ಹಿಂದೆ ಸರಿದು ಪೇಟೆಗೆ ಉತ್ತರದ ಸೇಬು ಬರುವ ಹೊತ್ತಿಗೆ ಅವರಿಗೆ ರಜೆ. ಬಸ್ಸಿಳಿದು ಬರುವಾಗ ಕೈಯಲ್ಲಿ ಸೇಬಿನ ಪೊಟ್ಟಣ ಇರಲೇಬೇಕು.

ಸೇಬಿನ ನಡುವಿನ ಬೀಜ ತೋಡಿ, ಆ ಗುಳಿಗೆ ಬೆಲ್ಲ, ಗೇರುಬೀಜದ ಚೂರು, ಒಂದು ಲವಂಗ, ಮೇಲೆ ಒಂದಿಷ್ಟು ಬೆಣ್ಣೆ. ದಪ್ಪ ತಳದ ಪಾತ್ರೆಯಲ್ಲಿಟ್ಟು ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಸಿಪ್ಪೆ ಬಿರಿದು ರಸ ಇಳಿಯುವವರೆಗೆ ಗಂಡ ಹೆಂಡತಿ ಒಲೆಯ ಮುಂದೆ ಕೂತು ಜಗಳ. ಬೆಲ್ಲ ಹೆಚ್ಚಾಯಿತೆಂದು ಅವರು, ಕೆಂಡ ಸಾಲದೆಂದು ಇವರು. ಗೋಡೆಯ ಈಚೆ ನನಗೆ ನಗು.

ಒಂದು ವರ್ಷ ಬಾಯಮ್ಮನ ಗಂಡ ರಜೆಗೆ ಬರಲಿಲ್ಲ. ತೋಟದವರು ಜೀಪಿನಲ್ಲಿ ಮಲಗಿಸಿ ತಂದರು. ಜ್ವರ ಮಿದುಳಿಗೆ ಏರಿತ್ತಂತೆ. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಬಂದ ಮೇಲೆ ನಡೆದಾಡಿದರು, ಉಂಡರು, ಸಂಜೆಯ ಪ್ರಾರ್ಥನೆಯನ್ನೂ ತಪ್ಪಿಲ್ಲದೆ ಹೇಳಿದರು. ಹೆಂಡತಿಯ ಗುರುತು ಮಾತ್ರ ಹತ್ತಲಿಲ್ಲ. ಯಾರೋ ನರ್ಸಮ್ಮ ಎಂದುಕೊಂಡು ‘ನೀವು, ತಾವು’ ಎಂದೇ ಮಾತು. ಕತ್ತಲಾಗುತ್ತಾ ಬಂದರೆ, ಮನೆಯಲ್ಲಿ ಹೆಂಡತಿ ಕಾಯುತ್ತಿರುತ್ತಾಳೆಂದು ಚಪ್ಪಲಿ ಹುಡುಕುತ್ತಿದ್ದರು. ಬಾಯಮ್ಮ ಮದುವೆಯ ಸೀರೆ ಉಟ್ಟು ಎದುರಿಗೆ ನಿಂತರು. ಅವರು ಪರಸ್ತ್ರೀಯ ಮುಂದೆ ಎಂಬಂತೆ ತಲೆ ತಗ್ಗಿಸಿದರು, ಅಷ್ಟೇ.

“ಪೇಟೆಗೆ ಹೋದರೆ ಸೇಬು ತನ್ನಿ ಟೀಚರೇ,” ಎಂದರು ಬಾಯಮ್ಮ ಒಂದು ದಿನ. “ಅದರ ರುಚಿಯಾದರೂ ನೆನಪು ಉಂಟೋ ಎಂತ, ನೋಡುವ.”

ತಂದುಕೊಟ್ಟೆ. ಒಬ್ಬರೇ ಕೂತು ಬೇಯಿಸಿದರು. ಒಂದು ಚಮಚ ಬಾಯಿಗಿಟ್ಟದ್ದೇ ಗಂಡನ ಮುಖ ಅರಳಿತು. ಬಾಯಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಇದು ನನ್ನ ಹೆಂಡತಿ ಮಾಡಿದ ಹಾಗೇ ಉಂಟು,” ಎಂದರು ಕೊಂಕಣಿಯಲ್ಲಿ. ಅಷ್ಟು ನನಗೂ ತಿಳಿಯುತ್ತಿತ್ತು.

“ನಾನೇ ಅಲ್ವಾ ಅವಳು?”

ಅವರು ಚಮಚ ಕೆಳಗಿಟ್ಟರು. “ನೀವು ಒಳ್ಳೆಯವರು. ಅವಳಿಗೂ ಒಂದು ತೆಗೆದಿಡಿ. ಅವಳು ತಿನ್ನದೆ ನನಗೆ ಇಳಿಯುವುದಿಲ್ಲ.”

ಬಾಯಮ್ಮ ಒಂದು ಸೇಬನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟರು. ಗಂಡ ಮಲಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು ಅದನ್ನು ತಿಂದರು. ಅಳಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ... ಒಳಗೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಬಾಯಮ್ಮನ ಗಂಡ ತೀರಿಕೊಂಡರು. ಕೊನೆಯ ದಿನ ಹೆಂಡತಿಯ ಹೆಸರು ಹಿಡಿದು ಒಂದೇ ಸಮನೆ ಕರೆದರು. ಬಾಯಮ್ಮ ಬಾಗಿ, ಇಲ್ಲೇ ಇದ್ದೇನೆ ಎಂದರೆ, “ನಿಮ್ಮನ್ನಲ್ಲ, ಅವಳನ್ನು ಕರೆಯಿರಿ,” ಎಂದು ಕೈ ಬಿಡಿಸಿಕೊಂಡರಂತೆ.

ಮಣ್ಣು ಮಾಡಿ ಬಂದ ಮೇಲೆ ಬಾಯಮ್ಮ ನನ್ನನ್ನು ಕೇಳಿದರು, “ಅವರು ಕರೆದದ್ದು ನನ್ನನ್ನೇ ಅಲ್ವಾ ಟೀಚರೇ?”

“ಹೌದು ಬಾಯಮ್ಮ, ನಿಮ್ಮನ್ನೇ.”

“ಹಾಗಾದರೆ ಅಷ್ಟು ಕರೆದರೂ ನಾನು ಬರಲಿಲ್ಲ ಅಂತಲೇ ತಿಳಿದು ಹೋದರು...”

ಆಮೇಲೆ ಬಾಯಮ್ಮನ ತಮ್ಮ ಬಂದು ಅವರನ್ನು ಸುರತ್ಕಲ್ಲಿಗೆ ಕರೆದುಕೊಂಡು ಹೋದ. ನನಗೂ ವರ್ಗವಾಯಿತು, ಮತ್ತೆ ಭೇಟಿಯಾಗಲಿಲ್ಲ. ಈಗ ನನಗೇ ಎಂಬತ್ತು ದಾಟಿದೆ, ಬಾಯಮ್ಮ ಇರಲಿಕ್ಕಿಲ್ಲ. ಮೊನ್ನೆ ಕೆಳಗಿನ ಮನೆಯ ಆ ವಾಸನೆ ಆರುವವರೆಗೂ ಕಿಟಕಿ ಮುಚ್ಚಲಿಲ್ಲ.